ಲಂಟಾನ ಕುರ್ಚಿ: ಕೂರಲು ಸೊಗಸು, ಕಾಡಿನ ಲೆಕ್ಕ ಬೇರೆ

ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕುಶಲಕರ್ಮಿಗಳು ಲಂಟಾನ ಕಡ್ಡಿಯಿಂದ ಕಟ್ಟಿದ ಕೈಕುರ್ಚಿಯೊಂದು ನಮ್ಮ ಮನೆಯ ಜಗುಲಿಯಲ್ಲಿದೆ. ಕರಕುಶಲ ಮೇಳವೊಂದರಲ್ಲಿ ಕೊಂಡದ್ದು. ಬಿರುಬೇಸಿಗೆಯನ್ನೂ ಜಡಿಮಳೆಯನ್ನೂ ಅದು ಕಂಡಾಗಿರುವುದರಿಂದ ಅದರ ಗುಣದೋಷಗಳನ್ನು ಹೇಳಲು ಈಗ ಅಡ್ಡಿಯಿಲ್ಲ.

ಲಂಟಾನ ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಬ್ರಿಟಿಷರು ಇದನ್ನು ಭಾರತಕ್ಕೆ ತಂದರು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಆಳೆತ್ತರದ ಪೊದೆಗಳಾಗಿ ಹಬ್ಬಿ, ಜಿಂಕೆ, ಕಾಟಿ, ಆನೆಗಳು ಮೇಯಬೇಕಾದ ಹುಲ್ಲಿಗೆ ಬೆಳಕೇ ಬೀಳದಂತೆ ಮಾಡಿದೆ. ಬಿದಿರು ಸಿಗುವುದು ಕಷ್ಟವಾದಾಗ, ಬುಟ್ಟಿ ಹೆಣೆದು ಬದುಕುತ್ತಿದ್ದವರಿಗೂ ಈ ಬೆಟ್ಟಗಳ ಆದಿವಾಸಿಗಳಾದ ಸೋಲಿಗರಿಗೂ ಈ ಗಿಡದ ಕಡ್ಡಿಯಿಂದ ಪೀಠೋಪಕರಣ ಮಾಡುವ ತರಬೇತಿಯನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಸುಮಾರು ಎರಡು ದಶಕಗಳ ಹಿಂದೆ ಆರಂಭಿಸಿತು. 2024ರಲ್ಲಿ ಲಾಲ್‌ಬಾಗಿನಲ್ಲಿ ನಿಂತಿದ್ದ, ಲಂಟಾನದಿಂದ ಕಟ್ಟಿದ ನಿಜ ಗಾತ್ರದ ಆನೆಗಳನ್ನು ನೋಡಿದವರಿಗೆ ಈ ಕಡ್ಡಿಯ ಪರಿಚಯವಿದ್ದೇ ಇರುತ್ತದೆ. ಅವುಗಳನ್ನು ಕಟ್ಟಿದವರು ನೀಲಗಿರಿಯ ಗೂಡಲೂರಿನ ಆದಿವಾಸಿಗಳು; ಅಂಥದೇ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಿಗೂ ಹೋಗಿದ್ದವು.

ಕುರ್ಚಿಯ ಕಸುಬು ಮೆಚ್ಚುವಂಥದ್ದು. ಬೆರಳು ಗಾತ್ರದ ನೀಳ ಕಡ್ಡಿಗಳನ್ನು ಆರಿಸಿ ತಂದು, ನೀರಿನಲ್ಲಿ ಕುದಿಸಿ, ತೊಗಟೆ ಸುಲಿದು, ಬಿಸಿ ಆರುವ ಮೊದಲೇ ಬೇಕಾದಂತೆ ಬಾಗಿಸಿ ಮೊಳೆ ಹೊಡೆಯುತ್ತಾರೆ. ನಮ್ಮ ಕುರ್ಚಿಯ ಕೈಗಳ ಬಾಗು ಎರಡೂ ಕಡೆ ಒಂದೇ ಬಗೆಯಾಗಿದೆ. ಗಂಟು ಡೊಂಕುಗಳೇ ತುಂಬಿದ ಕಡ್ಡಿಯಲ್ಲಿ ಅದನ್ನು ಸಾಧಿಸುವುದಕ್ಕೆ ಪಳಗಿದ ಕೈಯೇ ಬೇಕು. ಬೆತ್ತದ ಕುರ್ಚಿಗಿಂತ ಬೆಲೆ ಕಡಿಮೆ, ತೂಕ ಸ್ವಲ್ಪ ಹೆಚ್ಚು. ಪಕ್ಕದ ಮರದ ಬಾಗಿಲುವಾಡವನ್ನು ಹಿಡಿದ ಗೆದ್ದಲು ಇದರ ತಂಟೆಗೆ ಬರಲಿಲ್ಲ. ಗೆದ್ದಲು ಲಂಟಾನವನ್ನು ಮುಟ್ಟುವುದಿಲ್ಲವೆಂದು ಮಾರುವವರು ಹೇಳಿದ್ದನ್ನು ನಾನು ಆಗ ಪೂರ್ತಿ ನಂಬಿರಲಿಲ್ಲ.

ದೋಷಗಳೂ ಇವೆ. ಬೆನ್ನೊರಗಿನ ಕೆಳಗೆ ಒಂದೆರಡು ಮೊಳೆಗಳ ತಲೆ ಹೊರಗೇ ಉಳಿದಿತ್ತು. ಪಂಚೆ ಸಿಕ್ಕಿ ಹರಿದ ಮೇಲೆ ಸುತ್ತಿಗೆಯಿಂದ ಒಳಗೆ ಹೊಡೆದೆವು. ನಾಲ್ಕು ಕಾಲುಗಳಲ್ಲಿ ಒಂದು ಎಳ್ಳಷ್ಟು ಗಿಡ್ಡ. ಮಳೆಗಾಲದಲ್ಲಿ, ವಾರ್ನಿಷ್ ಸರಿಯಾಗಿ ಇಳಿಯದ ಕಡ್ಡಿಯ ತುದಿಗಳಿಗೆ ಬೂಷ್ಟು ಹಿಡಿಯಿತು; ಬಿಸಿಲಿಗಿಟ್ಟು ಒರೆಸಿ ಇನ್ನೊಂದು ಕೈ ವಾರ್ನಿಷ್ ಬಳಿದ ಮೇಲೆ ಮರಳಿ ಬಂದಿಲ್ಲ. ದಿಂಬಿಲ್ಲದೆ ಅರ್ಧ ಗಂಟೆ ಕುಳಿತರೆ ತೊಡೆಯ ಮೇಲೆ ಕಡ್ಡಿಯ ಗೀರುಗಳು ಮೂಡುತ್ತವೆ.

ಇಷ್ಟು ಕುರ್ಚಿಯ ಮಾತು. ಅದರ ಜೊತೆಗೆ ಮಾರಲಾಗುವ ಮಾತು ಇನ್ನೊಂದಿದೆ: ಇದನ್ನು ಕೊಂಡರೆ ಕಾಡನ್ನು ಉಳಿಸಿದಂತೆ ಎಂಬುದು. ಈ ಮಾತನ್ನು ನಾನು ಒಪ್ಪಲಾರೆ. ಕುರ್ಚಿಗೆ ಬೇಕಾದದ್ದು ಕಡ್ಡಿ. ಬುಡವನ್ನು ನೆಲದಲ್ಲೇ ಬಿಟ್ಟು ಕಡ್ಡಿಯನ್ನಷ್ಟೇ ಕಡಿದರೆ ಲಂಟಾನ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಅದನ್ನು ನಿಜವಾಗಿ ತೆಗೆಯಬೇಕಾದರೆ, ಹಣ್ಣಾಗುವ ಮೊದಲೇ, ಚಿಗುರೊಡೆಯುವ ಭಾಗಕ್ಕಿಂತ ಕೆಳಗೆ ಬೇರನ್ನು ಕತ್ತರಿಸಿ ಬುಡವನ್ನು ತಲೆಕೆಳಗಾಗಿಸಬೇಕು. ಪಿಕಳಾರದಂತಹ ಹಕ್ಕಿಗಳು ಬೀಜ ತಂದು ಉದುರಿಸುತ್ತಲೇ ಇರುವುದರಿಂದ ಮುಂದಿನ ಕೆಲವು ವರ್ಷ ಸಸಿಗಳನ್ನು ಕೀಳುತ್ತಾ ಹುಲ್ಲು ನೆಲೆಯೂರುವಂತೆ ನೋಡಿಕೊಳ್ಳಬೇಕು. ಇಷ್ಟು ಕೆಲಸದ ಕೂಲಿಯನ್ನು ಒಂದು ಕುರ್ಚಿಯ ಬೆಲೆ ಭರಿಸಲಾರದು.

ಸೋಲಿಗರನ್ನು ಕೇಳಿದರೆ ಅವರು ಕಥೆಯನ್ನು ಇನ್ನೂ ಹಿಂದಿನಿಂದ ತೆಗೆಯುತ್ತಾರೆ. ಬೇಸಿಗೆ ಬಲಿಯುವ ಮೊದಲೇ ಒಣಗಿದ ಎಲೆಗಳಿಗೆ ಸಣ್ಣದಾಗಿ ಹಚ್ಚುತ್ತಿದ್ದ ತರಗು ಬೆಂಕಿಯಲ್ಲಿ ಲಂಟಾನದ ಎಳೆಯ ಸಸಿಗಳು ಸುಟ್ಟುಹೋಗುತ್ತಿದ್ದವು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಗಿ ಆ ಪದ್ಧತಿ ನಿಂತ ಮೇಲೆ ಗಿಡಕ್ಕೆ ತಡೆಯೇ ಇಲ್ಲದಾಯಿತು ಎಂಬುದು ಅವರ ವಾದ. ಕಾಡ್ಗಿಚ್ಚಿನ ಭಯವಿರುವ ಅರಣ್ಯ ಇಲಾಖೆಗೆ ಇದು ರುಚಿಸುವ ಮಾತಲ್ಲ. ಆದರೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕುಗಳನ್ನು ಪಡೆದ ಈ ಜನರ ಮಾತನ್ನು ಕೇಳದೆ ಲಂಟಾನದ ನಿರ್ವಹಣೆಯನ್ನು ಯೋಜಿಸುವುದು ಹೇಗೆಂದು ನನಗೆ ತಿಳಿಯದು.

ಹಾಗಾದರೆ ಕುರ್ಚಿ ಏಕೆ ಕೊಳ್ಳಬೇಕು? ಕಾಡಿನಂಚಿನ ಮನೆಗೆ ಊರಲ್ಲೇ ಕೂಲಿ ಸಿಗುತ್ತದೆ, ಬಿದಿರು ಬೆತ್ತಗಳ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ, ಮತ್ತು ವಸ್ತು ಗಟ್ಟಿಯಾಗಿದೆ. ನನ್ನ ಮಟ್ಟಿಗೆ ಇಷ್ಟು ಕಾರಣ ಸಾಕು.

ಕೊಳ್ಳುವವರು ಚಪ್ಪಟೆ ನೆಲದ ಮೇಲಿಟ್ಟು ಅಲುಗಿಸಿ ನೋಡಬೇಕು, ಬೆನ್ನೊರಗಿನ ಹಿಂದೆ ಕೈಯಾಡಿಸಿ ಮೊಳೆಗಳನ್ನು ಪರೀಕ್ಷಿಸಬೇಕು, ಕಡ್ಡಿಯ ತುದಿಗಳಿಗೂ ವಾರ್ನಿಷ್ ಹಾಕಿಸಿಕೊಳ್ಳಬೇಕು. ಬಯಲಲ್ಲಿ ಮಳೆಗೆ ಬಿಡಬಾರದು. ಕುರ್ಚಿ, ಸ್ಟೂಲು, ಬುಟ್ಟಿಗಳನ್ನು ಧೈರ್ಯವಾಗಿ ತರಬಹುದು. ಪುಸ್ತಕದ ಕಪಾಟನ್ನು ಮಾತ್ರ ನಾನು ಶಿಫಾರಸು ಮಾಡಲಾರೆ, ಏಕೆಂದರೆ ಉದ್ದನೆಯ ಅಡ್ಡಕಡ್ಡಿಗಳು ಭಾರಕ್ಕೆ ನಡುವೆ ಜಗ್ಗುತ್ತವೆ.