ಒದ್ದೆ ಹುಲ್ಲನ್ನೂ ಎತ್ತಿಕೊಳ್ಳುವ ಲಾನ್ ಮೋವರ್: ಕೆಲವು ಮಳೆಗಾಲ ಬಳಸಿದ ಮೇಲೆ

ಒಣ ಹುಲ್ಲನ್ನು ಯಾವ ಮಷೀನ್ ಬೇಕಾದರೂ ಚೀಲಕ್ಕೆ ತುಂಬುತ್ತದೆ. ಮಷೀನಿನ ಯೋಗ್ಯತೆ ಗೊತ್ತಾಗುವುದು ಹುಲ್ಲು ಒದ್ದೆಯಾದಾಗ. ನಮ್ಮ ಲಾನ್‌ಗೆ ಮರದ ನೆರಳು ಜಾಸ್ತಿ. ಮಳೆ ನಿಂತರೂ ಹುಲ್ಲಿನ ಬುಡದಲ್ಲಿ ತೇವ ಆರುವುದಿಲ್ಲ. ಒಣಗಲಿ ಅಂತ ಕಾಯುತ್ತಾ ಕೂತರೆ ಹುಲ್ಲು ಕೈಮೀರಿ ಬೆಳೆಯುತ್ತದೆ. ಹಾಗಾಗಿ ಕೊಳ್ಳುವಾಗ ನಾನು ಹಟ ಹಿಡಿದು ನೋಡಿದ್ದು ಒಂದೇ ವಿಷಯ: ಒದ್ದೆ ಹುಲ್ಲನ್ನು ಇದು ಎತ್ತಿಕೊಳ್ಳುತ್ತದಾ, ಇಲ್ವಾ?

ನನ್ನದು ಪೆಟ್ರೋಲ್ ಮಷೀನ್. ಕತ್ತರಿಸುವ ಅಗಲ 46 ಸೆಂಟಿಮೀಟರ್, ಉಕ್ಕಿನ ಡೆಕ್ (ಬ್ಲೇಡನ್ನು ಮೇಲಿನಿಂದ ಮುಚ್ಚುವ ಕವಚ), 60 ಲೀಟರ್ ಚೀಲ. ಹಿಂದಿನ ಚಕ್ರಗಳನ್ನು ಎಂಜಿನ್ನೇ ತಿರುಗಿಸುತ್ತದೆ. ಒಣ ಹುಲ್ಲಿಗೆ ಐದಕ್ಕೆ ಐದು ಅಂಕ. ಒದ್ದೆಗೆ ನಾಲ್ಕು. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಹುಲ್ಲನ್ನು ಚೀಲಕ್ಕೆ ತಳ್ಳುವುದು ಗಾಳಿ. ಬ್ಲೇಡಿನ ಹಿಂದಿನ ಅಂಚು ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಅದು ತಿರುಗುವಾಗ ಫ್ಯಾನ್ ಹಾಗೆ ಗಾಳಿ ಎಬ್ಬಿಸುತ್ತದೆ. ಆ ಗಾಳಿ ಕತ್ತರಿಸಿದ ಹುಲ್ಲನ್ನು ಹಿಂದಿನ ಬಾಯಿಯಿಂದ ಚೀಲಕ್ಕೆ ನೂಕಿ, ತಾನು ಚೀಲದ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲೇ ತಡೆಯಾದರೂ ಕಥೆ ಮುಗೀತು. ಒದ್ದೆ ಹುಲ್ಲು ಭಾರ, ಜೊತೆಗೆ ಅಂಟು. ಅಂಗಡಿಯವರು ಎಂಜಿನ್ ಶಕ್ತಿ, ಚೀಲದ ಲೀಟರ್ ಅಂತ ಹೇಳುತ್ತಲೇ ಇರುತ್ತಾರೆ. ನೀವು ಸುಮ್ನೆ ಗಾಳಿಯ ದಾರಿ ನೋಡಿ.

ಮೊದಲು ಹಿಂದಿನ ಮುಚ್ಚಳ ಎತ್ತಿ, ಹುಲ್ಲು ಹೊರಬರುವ ಬಾಯಿ ನೋಡಿ. ಅದು ಅಗಲವಾಗಿರಬೇಕು, ಗಿಡ್ಡವಾಗಿರಬೇಕು, ನೇರವಾಗಿರಬೇಕು. ಒಳಗೆ ಬೋಲ್ಟ್ ತಲೆ, ಮಡಿಕೆ, ಚೂಪು ಮೂಲೆ ಕಂಡರೆ ಒದ್ದೆ ಹುಲ್ಲು ಹಿಡಿದುಕೊಳ್ಳುವುದು ಅಲ್ಲೇ. ಇದಕ್ಕೆ ಮುಂಚೆ ನನ್ನ ಹತ್ತಿರ ಒಂದು ಬ್ಯಾಟರಿ ಮಷೀನ್ ಇತ್ತು. ಅದರ ಬಾಯಿ ಇಕ್ಕಟ್ಟು, ಮೇಲಕ್ಕೊಂದು ತಿರುವು ಬೇರೆ. ಮಳೆ ಬಂದ ಮಾರನೇ ದಿನ ಲಾನ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಕಟ್ಟಿಕೊಳ್ಳುತ್ತಿತ್ತು. ಎಲ್ಲಾ ಬ್ಯಾಟರಿ ಮಷೀನೂ ಹೀಗೇ ಅಲ್ಲ. ಆದರೆ ಚಾರ್ಜ್ ಉಳಿಸಲು ಬ್ಲೇಡಿನ ವೇಗ ತಗ್ಗಿಸುವ ಮೋಡ್ ಇದ್ದರೆ, ಒದ್ದೆ ಹುಲ್ಲಿನಲ್ಲಿ ಅದನ್ನು ಆಫ್ ಮಾಡಲೇಬೇಕು. ವೇಗ ಇಳಿದರೆ ಗಾಳಿಯೂ ಇಳಿಯುತ್ತದೆ. ಚಾರ್ಜ್ ಬೇಗ ಖಾಲಿಯಾಗುವುದಂತೂ ಖಚಿತ. ವೈರ್ ಎಳೆದುಕೊಂಡು ಓಡಿಸುವ ಕರೆಂಟ್ ಮಷೀನನ್ನು ಒದ್ದೆ ಹುಲ್ಲಿನ ಮೇಲೆ ಬಳಸಲೇಬೇಡಿ.

ಇನ್ನು ಚೀಲ. ನನ್ನ ಮಷೀನಿನದು ತಳ ಪ್ಲಾಸ್ಟಿಕ್, ಮೇಲೆಲ್ಲಾ ಜಾಲರಿ ಬಟ್ಟೆ. ಒದ್ದೆ ಹುಲ್ಲು ತಳದಲ್ಲಿ ಕೂತರೂ ಮೇಲಿನಿಂದ ಗಾಳಿ ಹೋಗುತ್ತಿರುತ್ತದೆ. ಪೂರ್ತಿ ಪ್ಲಾಸ್ಟಿಕ್ ಡಬ್ಬದಂಥ ಚೀಲ ತೊಳೆಯಲು ಸುಲಭ, ಆದರೆ ಅದರಲ್ಲಿ ಗಾಳಿ ಹೋಗಲು ಸೀಳುಗಳು ಎಷ್ಟಿವೆ, ಎಲ್ಲಿವೆ ನೋಡಿಕೊಳ್ಳಿ. ಬಟ್ಟೆ ಚೀಲದ ತೊಂದರೆ ಬೇರೆ. ಬೇಸಿಗೆಯ ಧೂಳು ಜಾಲರಿಯಲ್ಲಿ ಕೂತಿರುತ್ತದೆ, ಮಳೆಗಾಲದ ಹುಲ್ಲಿನ ರಸ ಅದರ ಮೇಲೆ ಮೆತ್ತಿಕೊಳ್ಳುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ರಂಧ್ರವೇ ಕಾಣುವುದಿಲ್ಲ. ನನ್ನ ಮಷೀನ್ ಒಮ್ಮೆಲೇ ಮಂಕಾದಂತೆ ಕಂಡಾಗ ಎಂಜಿನ್ ಸರಿಯಾಗೇ ಇತ್ತು, ಕಟ್ಟಿಕೊಂಡಿದ್ದು ಚೀಲ. ಹೊರಗಿನಿಂದ ಒಳಕ್ಕೆ ಪೈಪ್ ನೀರು ಬಿಟ್ಟು ತೊಳೆದು ಒಣಗಿಸಿದರೆ ಮತ್ತೆ ಮೊದಲಿನಂತೆ ಎತ್ತುತ್ತದೆ.

ಚೀಲ ತುಂಬಿದೆ ಅಂತ ತೋರಿಸುವ ಪುಟ್ಟ ರೆಕ್ಕೆಯನ್ನು ಪೂರ್ತಿ ನಂಬಬೇಡಿ. ಅದು ಗಾಳಿಗೆ ಮೇಲೇಳುತ್ತದೆ, ಗಾಳಿ ಕಡಿಮೆಯಾದರೆ ಬೀಳುತ್ತದೆ. ಒದ್ದೆ ಹುಲ್ಲಿನಲ್ಲಿ ಅರ್ಧ ಚೀಲಕ್ಕೇ ಬಿದ್ದುಬಿಡುತ್ತದೆ. ಆಗ ಹೋಗಿ ಸುರಿದು ಬರುವುದೇ ಒಳ್ಳೆಯದು. ಆ ಅರ್ಧ ಚೀಲವೇ ಸಾಕಷ್ಟು ಭಾರ. 60 ಲೀಟರ್ ತುಂಬಿ ಎತ್ತುವ ಆಸೆ ನನಗಂತೂ ಇಲ್ಲ.

ಆ ಕಡಿಮೆಯಾದ ಒಂದು ಅಂಕದ ವಿಷಯಕ್ಕೆ ಬರೋಣ. ಡೆಕ್ ಒಳಗಡೆ, ಮುಂದಿನ ಮೂಲೆಯಲ್ಲಿ, ಹಸಿರು ಹಿಟ್ಟು ಮೆತ್ತಿಕೊಳ್ಳುತ್ತದೆ. ಮೊದಲು ಸದ್ದು ದಪ್ಪವಾಗುತ್ತದೆ. ಆಮೇಲೆ ಹಿಂದೆ ತಿರುಗಿ ನೋಡಿದರೆ ಮುದ್ದೆ ಮುದ್ದೆಯಾಗಿ ಹುಲ್ಲು ಬಿದ್ದಿರುತ್ತದೆ. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು, ಮರದ ಚಕ್ಕೆಯಿಂದ ಕೆರೆಯಬೇಕು. ವೈರ್ ಕೀಳದೆ ಒಳಗೆ ಕೈ ಹಾಕಬಾರದು. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಮಷೀನ್ ವಾಲಿಸುವಾಗ ಏರ್ ಫಿಲ್ಟರ್ ಮೇಲ್ಗಡೆ ಇರಲಿ, ಇಲ್ಲದಿದ್ದರೆ ಆಯಿಲ್ ಅದಕ್ಕೆ ಇಳಿದು ಆಮೇಲೆ ಸ್ಟಾರ್ಟ್ ಮಾಡಿದಾಗ ಬರೀ ಹೊಗೆ. ಲೋಹದಿಂದ ಕೆರೆದರೆ ಡೆಕ್‌ನ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ. ನನ್ನದರಲ್ಲಿ ಒಂದೆರಡು ಕಡೆ ಈಗಾಗಲೇ ಶುರುವಾಗಿದೆ. ತುಕ್ಕಿನ ಕಾಟ ಬೇಡ ಅಂದರೆ ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ಡೆಕ್ ನೋಡಿ.

ಓಡಿಸುವ ರೀತಿಯೂ ಮುಖ್ಯ. ಎಂಜಿನ್ ಪೂರ್ತಿ ವೇಗದಲ್ಲಿರಲಿ, ನಡಿಗೆ ನಿಧಾನವಾಗಿರಲಿ. ಕತ್ತರಿಸುವ ಎತ್ತರವನ್ನು ಮಾಮೂಲಿಗಿಂತ ಒಂದು ಮೆಟ್ಟಿಲು ಮೇಲಿಡಿ. ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಮ್ಮೆಲೇ ತೆಗೆಯಬೇಡಿ. ಹುಲ್ಲು ತೀರಾ ದಟ್ಟವಾಗಿದ್ದರೆ ನಾನು ಮಷೀನಿನ ಅರ್ಧ ಅಗಲದಷ್ಟೇ ಹುಲ್ಲು ಸಿಗುವಂತೆ ಹೋಗುತ್ತೇನೆ. ಬ್ಲೇಡ್ ಮೊಂಡಾಗಿದ್ದರೆ ಹುಲ್ಲು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಒದ್ದೆ ಹುಲ್ಲು ಇನ್ನೂ ಬೇಗ ಅಂಟುತ್ತದೆ. ನೆಲ ಕೆಸರಾಗಿದ್ದ ದಿನ ಮಾತ್ರ ನಾನು ಮಷೀನನ್ನು ಹೊರಗೇ ತೆಗೆಯುವುದಿಲ್ಲ.

ಹಿಂದಿನ ಚಕ್ರ ಎಳೆಯುವ ಮಾದರಿಯನ್ನೇ ತೆಗೆದುಕೊಳ್ಳಿ. ಚೀಲ ಭಾರವಾದಂತೆ ಮುಂಭಾಗ ಹಗುರವಾಗುತ್ತದೆ, ಮುಂದಿನ ಚಕ್ರ ಎಳೆಯುವ ಮಷೀನ್ ಆಗ ಜಾರುತ್ತದೆ. ರೋಬೋಟ್ ಮಷೀನ್ ಬಗ್ಗೆ ಕೇಳುವವರಿಗೆ: ಸಾಮಾನ್ಯವಾಗಿ ಅವು ಹುಲ್ಲನ್ನು ಚೂರು ಮಾಡಿ ಅಲ್ಲೇ ಬಿಡುತ್ತವೆ, ಚೀಲವೇ ಇರುವುದಿಲ್ಲ.

ಕೊಳ್ಳುವಾಗಲೇ ಇನ್ನೊಂದು ಚೀಲ ಬಿಡಿಯಾಗಿ ಸಿಗುತ್ತದಾ ಕೇಳಿ. ನಾನು ತಂದಿಟ್ಟುಕೊಂಡಿದ್ದೇನೆ. ಒಂದನ್ನು ತೊಳೆದು ಹಗ್ಗಕ್ಕೆ ಹಾಕಿರುತ್ತೇನೆ, ಇನ್ನೊಂದು ಮಷೀನಿನಲ್ಲಿರುತ್ತದೆ.