ಮಾಟುಂಗಾದ ಆಪ್ತಸಮಾಲೋಚನೆ: ದೀರ್ಘಕಾಲದ ಬಳಕೆಯ ನಂತರ

ಅತ್ತೆಗೆ ಮರೆವಿನ ಕಾಯಿಲೆ ಹೆಚ್ಚಾಗಿ ಮನೆಯಲ್ಲಿ ಹಗಲು ರಾತ್ರಿ ಅದಲುಬದಲಾದ ಮೇಲೆ ಮುಂಬೈನ ಮಾಟುಂಗಾದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಹೋಗತೊಡಗಿದೆ. ಈಗಲೂ ಹೋಗುತ್ತಿದ್ದೇನೆ. ಕನ್ನಡದಲ್ಲಿ ಮಾತನಾಡಬಹುದೆಂದು ಹೋದವಳು, ಅವರ ಕಸುಬಿನ ಹದ ಕಂಡು ಅಲ್ಲೇ ಉಳಿದೆ.

ಹಿಂದೆ ನೋಡಿದ್ದ ಮತ್ತೊಬ್ಬರು ನಾನು ಬಾಯಿ ತೆರೆದ ಕೂಡಲೇ ಕಣ್ಣು ಒದ್ದೆ ಮಾಡಿಕೊಂಡು, "ನಮ್ಮ ತಾಯಿಗೂ ಹೀಗೆಯೇ ಆಗಿತ್ತು" ಎಂದು ತಮ್ಮ ಕಥೆಗೆ ಇಳಿಯುತ್ತಿದ್ದರು. ಮನಸ್ಸು ಒಳ್ಳೆಯದೇ. ಆದರೆ ಅವರ ನೋವನ್ನೂ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ.

ಇವರು ಒಮ್ಮೆ, "ನಿಮಗೆ ತುಂಬಾ ದಣಿವಾಗಿದೆ ಅನಿಸುತ್ತದೆ, ಸರಿಯೇ?" ಎಂದರು. ಅಲ್ಲ ಎಂದೆ. ತಮ್ಮ ಮಾತನ್ನು ಸಮರ್ಥಿಸಿಕೊಳ್ಳಲಿಲ್ಲ. "ಹಾಗಾದರೆ ನಾನು ತಪ್ಪು ತಿಳಿದೆ, ನೀವೇ ಹೇಳಿ" ಎಂದು ಸುಮ್ಮನೆ ಕಾದರು. ಬಹಳ ಹೊತ್ತಿನ ಮೇಲೆ ಹೊರಬಂದದ್ದು ಕೋಪ. ಭಾನುವಾರ ಫೋನಿನಲ್ಲಿ ಔಷಧ ವಿಚಾರಿಸಿ ಸುಮ್ಮನಾಗುವ ನಾದಿನಿಯರ ಮೇಲೆ, ಏನೂ ಅರಿಯದ ಅತ್ತೆಯ ಮೇಲೂ. ಅವರು ಬೆಚ್ಚಲಿಲ್ಲ, ಹಾಗೆಲ್ಲ ಅನ್ನಬಾರದೆಂದು ಬುದ್ಧಿ ಹೇಳಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. "ಸೇವೆ ಮಾಡುವುದೂ ನೀವೇ, ಅವರ ಮೇಲೆ ಸಿಟ್ಟಾಗುವುದೂ ನೀವೇ. ಇದನ್ನು ಮನೆಯಲ್ಲಿ ಯಾರಿಗೂ ಹೇಳುವಂತಿಲ್ಲ, ಅಲ್ಲವೇ?" ಎಂದರು. ಅಂದು ರಾತ್ರಿ ಅತ್ತೆಗೆ ಊಟ ಮಾಡಿಸುವಾಗ ನನ್ನ ಕೈ ಬಿರುಸಾಗಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ಲೇಖನವೊಂದರಲ್ಲಿ ಇವರು ತೋರಿದಂಥ ಅನುಭೂತಿಯನ್ನು (ಎಂಪಥಿ, ಅಂದರೆ ಇನ್ನೊಬ್ಬರ ಮನಸ್ಸನ್ನು ಅವರ ಜಾಗದಲ್ಲಿ ನಿಂತು ಅರಿಯುವುದನ್ನು) ಚಿಕಿತ್ಸೆಯ ಅಗತ್ಯ ಷರತ್ತುಗಳಲ್ಲಿ ಸೇರಿಸಿದ್ದಾರೆ. ಬಂದವರ ಒಳಜಗತ್ತನ್ನು ತನ್ನದೇ ಎಂಬಂತೆ ಅರಿಯಬೇಕು, ಆದರೆ ಅದು ತನ್ನದಲ್ಲ ಎಂಬ ಎಚ್ಚರ ತಪ್ಪಬಾರದು. ಆ ಅರಿವು ಬಂದವರಿಗೆ ಸ್ವಲ್ಪವಾದರೂ ತಲುಪಿರಬೇಕು ಎಂಬುದೂ ಅವರದೇ ಷರತ್ತು. ತಲುಪಿತೇ ಇಲ್ಲವೇ ಎಂದು ಹೇಳಬಲ್ಲವರು ನಾವೇ. ಆದ್ದರಿಂದ ಹೊಸದಾಗಿ ಹೋಗುವವರು, ಸಮಾಲೋಚಕರು ತಪ್ಪಾಗಿ ಅರ್ಥಮಾಡಿಕೊಂಡಾಗ ಸಂಕೋಚಪಡದೆ ಅಲ್ಲವೆಂದು ಹೇಳಿ. ಆಮೇಲೆ ಅವರು ಏನು ಮಾಡುತ್ತಾರೆಂಬುದನ್ನು ಗಮನಿಸಿಯೇ ಮುಂದಿನ ಭೇಟಿ ಗೊತ್ತುಮಾಡಿ.

ಕುಂದುಗಳಿವೆ. ಐವತ್ತು ನಿಮಿಷವಾದರೆ ಅಳುತ್ತಿದ್ದರೂ ಏಳಬೇಕು. ಇದಕ್ಕೆ ನಾನಿನ್ನೂ ಒಗ್ಗಿಲ್ಲ. ಡೊಂಬಿವಲಿಯಿಂದ ಲೋಕಲ್ ರೈಲಿನ ನೂಕುನುಗ್ಗಲು ಬೇರೆ. ವಿಡಿಯೊ ಕರೆಯ ಅನುಕೂಲವಿದೆ, ಆದರೆ ಅತ್ತೆ ಪಕ್ಕದ ಕೋಣೆಯಲ್ಲಿರುವಾಗ ನನಗೆ ಬಾಯಿ ಕಟ್ಟುತ್ತದೆ. ಶುಲ್ಕವೂ ಎಲ್ಲರಿಗೂ ಎಟುಕುವಂಥದ್ದಲ್ಲ. ಅಂಥವರು 14416ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯದು. ಉಚಿತ, ದಿನದ 24 ಗಂಟೆಯೂ ಲಭ್ಯ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ.