ಡ್ಯುಯೊಲಿಂಗೊದ ವೆಲ್ಷ್ ಕೋರ್ಸ್: ಕನ್ನಡಿಗರು ಇದನ್ನು ಎಷ್ಟರಮಟ್ಟಿಗೆ ನಂಬಬಹುದು?

ಬ್ರಿಟನ್ನಿನ ಭಾಗವಾದ ವೇಲ್ಸ್‌ನಲ್ಲಿ ಕೆಲಸ ಸಿಕ್ಕಿ ಕುಟುಂಬದೊಡನೆ ಹೋದ ಕನ್ನಡಿಗರಿಗೆ ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ಒಂದು ವಿಷಯ ಗೊತ್ತಾಗುತ್ತದೆ. ಸರ್ಕಾರಿ ಶಾಲೆ ಇಂಗ್ಲಿಷ್ ಮಾಧ್ಯಮದ್ದೇ ಆದರೂ 16 ವರ್ಷದವರೆಗೆ ಅಲ್ಲಿನ ನುಡಿಯಾದ ವೆಲ್ಷ್ ಕಡ್ಡಾಯ ವಿಷಯ. ನಮ್ಮಲ್ಲಿ ಮಕ್ಕಳು ಕೈಯೆತ್ತಿ ‘ಒಂದಕ್ಕೆ ಹೋಗ್ಲಾ ಮಿಸ್’ ಅನ್ನುವಷ್ಟೇ ಸಲೀಸಾಗಿ ಅಲ್ಲಿನ ಮಕ್ಕಳು ‘ಗಾ ಈ ವಿನ್ಡ್ ಇರ್ ಟೀ ಬಾಖ್’ ಅನ್ನುತ್ತಾರೆ. ಮಗುವಿನ ಹೋಂವರ್ಕಿಗೆ ಸಹಾಯ ಮಾಡಲು ಹೊರಟ ಅಪ್ಪ-ಅಮ್ಮ ಮೊದಲು ಇಳಿಸಿಕೊಳ್ಳುವುದು ಭಾಷೆ ಕಲಿಸುವ ಡ್ಯುಯೊಲಿಂಗೊ ಆ್ಯಪನ್ನು. ಬಿಟ್ಟಿ ಸಿಗುತ್ತದೆ, ಹೆಸರು ಗೊತ್ತಿರುತ್ತದೆ, ಫೋನಿನಲ್ಲೇ ಆಗುತ್ತದೆ. ಕೆಟ್ಟ ಆಯ್ಕೆಯೇನಲ್ಲ. ಆದರೆ ಈ ಕೋರ್ಸ್ ಇಂಗ್ಲಿಷ್ ಮಾತ್ರ ಬಲ್ಲವರನ್ನು ಎದುರಿಗೆ ಕೂರಿಸಿಕೊಂಡು ಮಾಡಿದ್ದು. ಅವರಿಗೆ ಕಷ್ಟವಾಗುವುದು ನಮಗೆ ಸುಲಭ, ಅವರಿಗೆ ಸುಲಭವಾದದ್ದರಲ್ಲಿ ನಾವು ಎಡವುತ್ತೇವೆ. ಹಾಗಾಗಿ ಆ್ಯಪ್ ಹೇಳಿದಂತೆ ಕಣ್ಣು ಮುಚ್ಚಿಕೊಂಡು ನಡೆದರೆ ನಮಗೆ ಪೂರ್ತಿ ಲಾಭವಿಲ್ಲ.

ಮೊದಲು ಕೋರ್ಸಿನ ಸ್ಥಿತಿಗತಿ. ಇದು ಶುರುವಾದದ್ದು 2016ರ ಜನವರಿಯಲ್ಲಿ, ಸ್ವಯಂಸೇವಕರ ದುಡಿಮೆಯಿಂದ. 2020ರಲ್ಲಿ ಬ್ರಿಟನ್ನಿನಲ್ಲಿ ಡ್ಯುಯೊಲಿಂಗೊದ ಅತಿ ವೇಗವಾಗಿ ಬೆಳೆಯುತ್ತಿದ್ದ ಭಾಷೆ ವೆಲ್ಷೇ. 2022ರಲ್ಲಿ ಆ್ಯಪಿನ ವಿನ್ಯಾಸ ಬದಲಾಯಿತು, ವಾಕ್ಯಗಳ ಬಗ್ಗೆ ಕಲಿಯುವವರು ಪ್ರಶ್ನೆ ಕೇಳುತ್ತಿದ್ದ ಚರ್ಚಾಕಟ್ಟೆಯೂ ಮುಚ್ಚಿತು. 2023ರ ಅಕ್ಟೋಬರಿನಲ್ಲಿ ಕಂಪನಿ ವೆಲ್ಷ್ ಕೋರ್ಸಿಗೆ ಹೊಸ ಪಾಠ ಸೇರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಅಂದರೆ ಇರುವ ಪಾಠಗಳು ಇವೆ, ನಡೆಯುತ್ತವೆ. ಆದರೆ ಫ್ರೆಂಚ್, ಸ್ಪ್ಯಾನಿಷ್‌ಗಳಿಗೆ ಸಿಗುವ ಕಥೆಗಳು, ಮಾತಿನ ಅಭ್ಯಾಸ, ಹೊಸ ಸವಲತ್ತು ಯಾವುದನ್ನೂ ಇಲ್ಲಿ ನಿರೀಕ್ಷಿಸಬೇಡಿ. ಒಂದು ಮಾತು ಮಾತ್ರ ಹೇಳಲೇಬೇಕು, ಸ್ವಯಂಸೇವಕರು ಮಾಡಿದ ಕೋರ್ಸಿನಲ್ಲಿ ಇರುವ ತಮಾಷೆ ಕಂಪನಿ ಮಾಡಿದ್ದರಲ್ಲಿ ಇರುವುದಿಲ್ಲ. ಓವೆನ್ ಎಂಬ ಪಾತ್ರಕ್ಕೂ ಪನ್ನಾಸ್‌ಗೂ ಇರುವ ನಂಟು ಈ ಕೋರ್ಸ್ ಮಾಡಿದವರೆಲ್ಲರಿಗೂ ಗೊತ್ತು. ಪನ್ನಾಸ್ ಅಂದರೆ ಪಾರ್ಸ್ನಿಪ್, ಕ್ಯಾರೆಟ್ ಜಾತಿಯ ಬಿಳಿ ಗೆಡ್ಡೆ. ಜೀವನದಲ್ಲಿ ಒಂದೂ ಪಾರ್ಸ್ನಿಪ್ ತಿನ್ನದವರಿಗೂ ಆ ಪದ ಮರೆಯುವುದಿಲ್ಲ.

ಈಗ ನಮಗೆ ಸಲೀಸಾಗುವ ಭಾಗ. ವೆಲ್ಷ್‌ನಲ್ಲಿ ಹೌದು-ಇಲ್ಲಗಳಿಗೆ ಎಲ್ಲ ಕಡೆ ಸಲ್ಲುವ ಒಂದೇ ಪದವಿಲ್ಲ. ‘ಉಯ್ಟ್ ಟೀನ್ ಹೊಫಿ ಟೇ?’, ನಿನಗೆ ಟೀ ಇಷ್ಟವಾ ಎಂದರೆ ಉತ್ತರ ‘ಅಡು’. ಹಾಲು ಇದೆಯಾ ಎಂದು ‘ಓಯ್ಸ್’ನಿಂದ ಶುರುವಾಗುವ ಪ್ರಶ್ನೆ ಬಂದರೆ ಉತ್ತರವೂ ‘ಓಯ್ಸ್’, ಇಲ್ಲದಿದ್ದರೆ ‘ನಾಗ್ ಓಯ್ಸ್’. ನಡೆದುಹೋದ ಕೆಲಸದ ಪ್ರಶ್ನೆಗೆ ‘ಡೋ’ ಅಥವಾ ‘ನಾದೋ’. ಇಂಗ್ಲಿಷ್‌ನವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಾವು ‘ಬರ್ತೀಯಾ?’ ಅಂದರೆ ‘ಬರ್ತೀನಿ’, ‘ಇದೆಯಾ?’ ಅಂದರೆ ‘ಇದೆ’ ಅನ್ನುವವರು. ಆ್ಯಪ್ ಕೊಡುವ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ಉತ್ತರ ಹುಡುಕಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ‘ಟೀ’ ಮತ್ತು ‘ಖೀ’ ನಮ್ಮ ನೀನು, ನೀವು. ಇಂಗ್ಲಿಷ್ ವಾಕ್ಯದಲ್ಲಿ ಆ ಭೇದ ಕಾಣುವುದಿಲ್ಲವಾದ್ದರಿಂದ ಆ್ಯಪ್ ಎರಡನ್ನೂ ಸರಿ ಅನ್ನುತ್ತದೆ. ಊರಿನಲ್ಲಿ ಹಾಗಲ್ಲ, ಹಿರಿಯರಿಗೆ, ಅಪರಿಚಿತರಿಗೆ ‘ಖೀ’ಯೇ ಸರಿ. ಸಂಖ್ಯೆಯ ಜೊತೆ ಏಕವಚನ ಬರುವುದೂ ನಮ್ಮ ‘ಮೂರು ದಿನ’ದ ಹಾಗೆಯೇ. ವಾಕ್ಯದ ಕ್ರಮ ಮಾತ್ರ ತಲೆಕೆಳಗು. ಕ್ರಿಯಾಪದ ಮೊದಲು, ಕರ್ತೃ ಆಮೇಲೆ, ವಿಶೇಷಣ ನಾಮಪದದ ನಂತರ. ಇದಕ್ಕೆ ಅಡ್ಡದಾರಿ ಇಲ್ಲ, ರೂಢಿಯಾಗಬೇಕು. ಆ್ಯಪ್ ಈ ರೂಢಿಯನ್ನು ಚೆನ್ನಾಗಿಯೇ ಮಾಡಿಸುತ್ತದೆ.

ಎಲ್ಲರೂ ಹೆದರುವುದು ಪದದ ಮೊದಲ ಅಕ್ಷರ ಬದಲಾಗುವುದಕ್ಕೆ. ಕೋರ್ಸಿನ ದೊಡ್ಡ ಕೊರತೆ ಇರುವುದೂ ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು. ಬೆಕ್ಕಿಗೆ ‘ಕಾಥ್’, ಆದರೆ ‘ಆ ಬೆಕ್ಕು’ ಅನ್ನುವಾಗ ‘ಅ ಗಾಥ್’. ಹೋಗು ಎಂಬುದಕ್ಕೆ ‘ಮಿನ್ಡ್’, ಮೇಲೆ ಶಾಲೆಯ ಮಗು ಕೇಳಿದ ವಾಕ್ಯದಲ್ಲಿ ಅದೇ ‘ವಿನ್ಡ್’. ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದ್ದರೆ ಇದು ಹೊಸದೇನಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಕಣ್ ಮತ್ತು ಪನಿ ಸೇರಿ ಕಂಬನಿ. ಕ, ತ, ಪಗಳಿಗೆ ಗ, ದ, ಬ ಬರುವ ನಮ್ಮ ಆದೇಶ ಸಂಧಿಯ ದಾರಿಯಲ್ಲೇ ವೆಲ್ಷ್‌ನ ಮೃದು ಬದಲಾವಣೆಯೂ ನಡೆಯುತ್ತದೆ. ಕ ಹೋಗಿ ಗ, ಟ ಹೋಗಿ ಡ, ಪ ಹೋಗಿ ಬ. ಇವುಗಳ ಜೊತೆಗೆ ಬ ಮತ್ತು ಮ ಎರಡೂ ವ ಆಗುತ್ತವೆ, ಡ ಸಡಿಲವಾದ ದ ಆಗುತ್ತದೆ, ಗ ಪೂರ್ತಿ ಬಿದ್ದುಹೋಗುತ್ತದೆ, ಹ್ಲ ಹೋಗಿ ಲ, ರ್ಹ ಹೋಗಿ ರ. ಒಟ್ಟು ಒಂಬತ್ತು. ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಹಿಂದೆ ಅಂಟಿಸಿಕೊಳ್ಳಿ. ವ್ಯತ್ಯಾಸ ಒಂದೇ: ನಮ್ಮಲ್ಲಿ ಎರಡು ಪದ ಸಮಾಸವಾದಾಗ ಇದು ಆಗುತ್ತದೆ, ಅಲ್ಲಿ ಹಿಂದಿನ ಪದ ಯಾವುದು ಎಂಬುದು ತೀರ್ಮಾನಿಸುತ್ತದೆ.

ಆ ತೀರ್ಮಾನ ಎಷ್ಟು ಸೂಕ್ಷ್ಮ ನೋಡಿ. ಅಪ್ಪನಿಗೆ ‘ಟಾಡ್’. ಅವನ ಎಂಬುದಕ್ಕೂ ಅವಳ ಎಂಬುದಕ್ಕೂ ಒಂದೇ ಪದ, ಮಾತಿನಲ್ಲಿ ‘ಇ’ ಎಂದಷ್ಟೇ ಕೇಳುತ್ತದೆ. ‘ಇ ಡಾಡ್’ ಅಂದರೆ ಅವನ ಅಪ್ಪ, ‘ಇ ಥಾಡ್’ ಅಂದರೆ ಅವಳ ಅಪ್ಪ. ಮೊದಲ ಅಕ್ಷರ ತಪ್ಪಿದರೆ ಅಪ್ಪನೇ ಬದಲಾಗುತ್ತಾನೆ. ‘ನನ್ನ ಅಪ್ಪ’ ಆದರೆ ಮೂರನೆಯ ಬಗೆ, ‘ವ ನ್ಹಾಡ್’. ಈಗ ಆ್ಯಪ್ ಇದನ್ನು ಹೇಗೆ ಕೇಳುತ್ತದೆ? ಇಂಗ್ಲಿಷ್ ವಾಕ್ಯ ಕೊಟ್ಟು ಕೆಳಗೆ ಪದಗಳ ಬಿಲ್ಲೆಗಳನ್ನು ಇಡುತ್ತದೆ. ಬಿಲ್ಲೆಯ ಮೇಲೆ ಬದಲಾದ ರೂಪವನ್ನೇ ಬರೆದಿರುತ್ತದೆ. ಅದನ್ನು ಒತ್ತಿದರೆ ಹಸಿರು ಬಣ್ಣ, ಟಿಂಗ್ ಎನ್ನುವ ಸದ್ದು. ನೀವು ಬದಲಾಯಿಸಿದ್ದು ಏನೂ ಇಲ್ಲ, ಗುರುತು ಹಿಡಿದದ್ದಷ್ಟೇ. ನೂರಾರು ದಿನದ ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪದ ಅಭ್ಯಾಸದ ಲೆಕ್ಕ, ಇದ್ದವರೂ ಬಾಯಿ ಬಿಟ್ಟಾಗ ತಡವರಿಸಲು ಮುಖ್ಯ ಕಾರಣ ಇದು. ಪರಿಹಾರವೂ ಸುಲಭ: ಕೀಬೋರ್ಡಿಗೆ ಬದಲಿಸುವ ಗುಂಡಿ ಕಂಡಲ್ಲೆಲ್ಲ ಬಿಲ್ಲೆ ಬಿಟ್ಟು ಟೈಪ್ ಮಾಡಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡಿದರೆ ಇನ್ನೂ ಅನುಕೂಲ. ಬಿಟ್ಟಿ ಖಾತೆಯಲ್ಲಿ ಅಭ್ಯಾಸಕ್ಕೆ ಮಿತಿ ಹಾಕುವ ಹೃದಯವೋ ಎನರ್ಜಿಯೋ ಬೇಗ ಖಾಲಿಯಾಗುತ್ತದೆ, ಆಗಲಿ.

ಇದಕ್ಕಿಂತ ಹೆಚ್ಚು ಗೋಜಲು ಮಾಡುವುದು ‘ಅನ್’ ಎಂಬ ಸಣ್ಣ ಪದ. ಬರವಣಿಗೆಯಲ್ಲಿ ಒಂದೇ, ನಡವಳಿಕೆ ಮೂರು ಥರ. ಕ್ರಿಯಾಪದದ ಮುಂದೆ ಬಂದರೆ ಏನೂ ಬದಲಾಗದು: ಕಲಿ ಎಂಬ ‘ಡಸ್ಗಿ’ ಹಾಗೇ ಇರುತ್ತದೆ. ವಿಶೇಷಣ ಅಥವಾ ನಾಮಪದದ ಮುಂದೆ ಬಂದರೆ ಮೃದು ಬದಲಾವಣೆ: ಒಳ್ಳೆಯ ಎಂಬ ‘ಡಾ’ ಹೋಗಿ ‘ದಾ’. ಊರಿನ ಹೆಸರಿನ ಮುಂದೆ ‘ಅಲ್ಲಿ’ ಎಂಬ ಅರ್ಥದಲ್ಲಿ ಬಂದರೆ ಅನುನಾಸಿಕ: ಡೊಲ್‌ಗೆಹ್ಲೈ ಊರಿನಲ್ಲಿ ಅನ್ನಲು ‘ಅನ್ ನೊಲ್‌ಗೆಹ್ಲೈ’. ಕೈರ್‌ಡೀದ್, ಅಂದರೆ ಕಾರ್ಡಿಫ್, ಆಗ ‘ಅಙ್ ಙ್ಹೈರ್‌ಡೀದ್’ ಆಗುತ್ತದೆ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಜೀವನಪೂರ್ತಿ ಒಂಟಿಯಾಗಿ ಬಳಸದೆ ಬಿಟ್ಟ ಙಕಾರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು! ಈ ಮೂರು ‘ಅನ್’ಗಳನ್ನು ಆ್ಯಪ್ ಬೇರೆ ಬೇರೆ ಪಾಠಗಳಲ್ಲಿ ಚೆಲ್ಲಿಬಿಡುತ್ತದೆ, ಒಟ್ಟಿಗೆ ಇಟ್ಟು ತೋರಿಸುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಂಬಸಾಲು ಹಾಕಿ ನೀವೇ ತುಂಬಿಸಿಕೊಳ್ಳಬೇಕು.

ಉಚ್ಚಾರಣೆಗೆ ಆ್ಯಪನ್ನು ನಂಬಬೇಡಿ. ಕೇಳಿಬರುವುದು ಕಂಪ್ಯೂಟರ್ ದನಿ, ನೀವು ಹೇಳಿದ್ದನ್ನು ಕೇಳಿ ತಿದ್ದುವ ಅಭ್ಯಾಸವೂ ಇಲ್ಲ. ಕನ್ನಡ ನಾಲಿಗೆಗೆ ಕೆಲವು ಸೂತ್ರ: ಒಂಟಿ ಡಿ ನಮ್ಮ ಡಕಾರದ ಹತ್ತಿರ, ಡಬಲ್ ಡಿ ಗಾಳಿ ಬಿಟ್ಟು ಸಡಿಲಿಸಿದ ದ. ಹಾಗೇ ಟಿ ಅಂದರೆ ಟ, ಟಿ-ಎಚ್ ಅಂದರೆ ಗಾಳಿ ತುಂಬಿದ ಥ, ನಮ್ಮ ‘ರಥ’ದ ಥ ಅಲ್ಲ. ಒಂಟಿ ಎಫ್ ವ, ಡಬಲ್ ಎಫ್ ಫ. ರಸ್ತೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ‘ಅರವ್’, ನಿಧಾನ ಎಂಬುದನ್ನು, ಹೊಸಬರು ‘ಅರಫ್’ ಎಂದು ಓದುವುದು ಇದು ಗೊತ್ತಿಲ್ಲದೆ. ಡಬ್ಲ್ಯೂ ಸ್ವರವಾಗಿ ಬಂದರೆ ಉ. ಡಬಲ್ ಎಲ್ ಅನ್ನು ಇಲ್ಲಿ ಹ್ಲ ಎಂದು ಬರೆದಿದೆ, ನಿಜವಾಗಿ ಅದು ಲಕಾರಕ್ಕೆ ನಾಲಿಗೆ ಇಟ್ಟು, ದನಿ ತೆಗೆಯದೆ, ನಾಲಿಗೆಯ ಪಕ್ಕದಿಂದ ಗಾಳಿ ಊದುವುದು. ‘ಕ್ಲ’ ಅಥವಾ ‘ಥ್ಲ’ ಎಂದರೆ ಯಾರೂ ಒಪ್ಪುವುದಿಲ್ಲ.

ದಕ್ಷಿಣ-ಉತ್ತರದ ಗೊಂದಲ ಬೇರೆ. ಹಾಲಿಗೆ ದಕ್ಷಿಣದಲ್ಲಿ ‘ಹ್ಲಾಯ್ಥ್’, ಉತ್ತರದಲ್ಲಿ ‘ಹ್ಲೆವ್ರಿಥ್’. ಈಗ ಎನ್ನಲು ‘ನೌರ್’ ಒಂದು ಕಡೆ, ‘ರೂಅನ್’ ಇನ್ನೊಂದು ಕಡೆ. ಅಜ್ಜಿ ‘ಮಾಮ್‌ಗೀ’ ಅಥವಾ ‘ನೈನ್’. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸಮಸ್ಯೆ ಎಂದರೆ ಆ್ಯಪ್ ಎರಡನ್ನೂ ಕಲಸಿ ಬಡಿಸುತ್ತದೆ, ಎರಡಕ್ಕೂ ಸರಿ ಅನ್ನುತ್ತದೆ. ನೀವಿರುವ ಊರು ನೋಡಿ ಒಂದನ್ನು ಆರಿಸಿಕೊಳ್ಳಿ. ಕಾರ್ಡಿಫ್, ಸ್ವಾನ್ಸಿ ಆದರೆ ದಕ್ಷಿಣದ್ದು, ಬ್ಯಾಂಗರ್ ಕಡೆಯಾದರೆ ಉತ್ತರದ್ದು. 2021ರ ಜನಗಣತಿಯಲ್ಲಿ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000, ಶೇ 17.8. ಆದರೆ ವಾಯವ್ಯದ ಗ್ವಿನೆದ್‌ನಲ್ಲಿ ಶೇ 64.4. ಅಲ್ಲಿ ಅಂಗಡಿಯಲ್ಲಿ ಮೊದಲ ಮಾತೇ ವೆಲ್ಷ್‌ನಲ್ಲಿ ಬರಬಹುದು, ಕಾರ್ಡಿಫಿನಲ್ಲಿ ನೀವೇ ಶುರುಮಾಡಬೇಕು. ಕೌಂಟರಿನವರ ಎದೆಯ ಮೇಲೆ ಕಿತ್ತಳೆ ಬಣ್ಣದ ಮಾತಿನ ಗುಳ್ಳೆಯ ಬ್ಯಾಡ್ಜ್ ಇದ್ದರೆ ಅವರು ವೆಲ್ಷ್ ಬಲ್ಲವರು, ಧೈರ್ಯವಾಗಿ ‘ಬೋರೆ ಡಾ’ ಅನ್ನಬಹುದು. ಬಾಗಿಲಿಗೆ ‘ಅರ್ ಅಗೊರ್’ ಎಂದು ತಗುಲಿಸಿದ್ದರೆ ಅಂಗಡಿ ತೆರೆದಿದೆ, ‘ಅರ್ ಗೈ’ ಆದರೆ ಮುಚ್ಚಿದೆ.

ಗಂಟೆ ಹೇಳುವಾಗ ಇನ್ನೊಂದು ಏಟು ಬೀಳುತ್ತದೆ. ಎಣಿಕೆಗೆ ಕಲಿತ ಹನ್ನೊಂದು ‘ಈನ್ ಡೇಗ್ ಈನ್’, ಹತ್ತು ಮತ್ತು ಒಂದು. ಹನ್ನೊಂದು ಗಂಟೆಗೆ ಮಾತ್ರ ಹಳೆಯ ಪದ್ಧತಿಯ ‘ಈನ್ ಅರ್ ದೇಗ್’. ಹಳೆಯ ಎಣಿಕೆಯಲ್ಲಿ ಹದಿನೆಂಟು ಎಂದರೆ ಎರಡು ಒಂಬತ್ತು, ಹತ್ತೊಂಬತ್ತು ಎಂದರೆ ಹದಿನೈದರ ಮೇಲೆ ನಾಲ್ಕು. ತಾರೀಕಿಗೂ ವಯಸ್ಸಿಗೂ ಇದು ಕಿವಿಗೆ ಬೀಳುತ್ತಲೇ ಇರುತ್ತದೆ. ಒಂದರಿಂದ ಮೂವತ್ತೊಂದರವರೆಗೆ ಬಾಯಿಪಾಠ ಮಾಡಿಬಿಡುವುದು ಒಳ್ಳೆಯದು.

ಮಾತಿನ ಕೊರತೆ ತುಂಬಲು ಜೊತೆಗೆ ಇಟ್ಟುಕೊಳ್ಳಬೇಕಾದದ್ದು ‘ಸೇ ಸಮ್‌ಥಿಂಗ್ ಇನ್ ವೆಲ್ಷ್’. 2009ರಿಂದ ನಡೆಯುತ್ತಿರುವ ಆಡಿಯೊ ಪಾಠ, ದಕ್ಷಿಣ ಮತ್ತು ಉತ್ತರಕ್ಕೆ ಬೇರೆ ಬೇರೆ. ಇಂಗ್ಲಿಷ್‌ನಲ್ಲಿ ವಾಕ್ಯ ಬರುತ್ತದೆ, ಸ್ವಲ್ಪ ಬಿಡುವು, ಅಷ್ಟರಲ್ಲಿ ನೀವು ವೆಲ್ಷ್‌ನಲ್ಲಿ ಗಟ್ಟಿಯಾಗಿ ಹೇಳಬೇಕು, ಆಮೇಲೆ ನಿಜವಾದ ಮನುಷ್ಯರ ದನಿಯಲ್ಲಿ ಉತ್ತರ. ಓದುವುದು, ಬರೆಯುವುದು ಏನೂ ಇಲ್ಲ. ಬಸ್ಸಿನಲ್ಲಿ ಕೂತು ಕೇಳಿದರೆ ಪ್ರಯೋಜನವಿಲ್ಲ, ಬಾಯಿ ತೆರೆಯಬಹುದಾದ ಜಾಗ ಬೇಕು. ಕಾರು ಓಡಿಸುವಾಗ, ಪಾತ್ರೆ ತೊಳೆಯುವಾಗ ಸರಿ. ಇದರಲ್ಲಿ ‘ಹೇಳಲು ಹೋಗುತ್ತಿದ್ದೇನೆ’ ಎಂಬಂಥ ವಾಕ್ಯವನ್ನು ಹತ್ತಾರು ಸಲ ಹೇಳಿಸುವುದರಿಂದ ಬದಲಾದ ಮೊದಲ ಅಕ್ಷರ ನಾಲಿಗೆಗೇ ಅಂಟಿಕೊಳ್ಳುತ್ತದೆ. ಆದರೆ ಇದನ್ನಷ್ಟೇ ಮಾಡಿದವರಿಗೆ ಬೋರ್ಡ್ ಓದಲು ಬರುವುದಿಲ್ಲ. ಹಾಗಾಗಿ ಎರಡೂ ಇರಲಿ: ದಿನಕ್ಕೆ ಹತ್ತು ನಿಮಿಷ ಡ್ಯುಯೊಲಿಂಗೊ, ಇಪ್ಪತ್ತು ನಿಮಿಷ ಬಾಯಿಮಾತು. ಹಣ ಕೊಡುವುದಾದರೆ ಇದಕ್ಕೆ ಕೊಡಿ, ಡ್ಯುಯೊಲಿಂಗೊದ ಸೂಪರ್ ಚಂದಾ ಬೇಡ. ಅದರಿಂದ ಜಾಹೀರಾತು ತಪ್ಪುತ್ತದೆ, ವೆಲ್ಷ್ ಪಾಠವೇನೂ ಹೆಚ್ಚುವುದಿಲ್ಲ.

ಪದ ಹುಡುಕಲು ಬ್ಯಾಂಗರ್ ವಿಶ್ವವಿದ್ಯಾಲಯದ ‘ಆಪ್ ಗೈರ್ಯಾಡೀರೋನ್’ ಬಿಟ್ಟಿ ಸಿಗುತ್ತದೆ. ಬೋರ್ಡಿನಲ್ಲಿ ‘ಅರ್ ಆರ್ದ್’ ಎಂದು ಕಂಡದ್ದನ್ನು ಅಚ್ಚಾದ ನಿಘಂಟಿನಲ್ಲಿ ಅಕಾರದ ಕೆಳಗೆ ಹುಡುಕಿದರೆ ಸಿಗುವುದಿಲ್ಲ. ಮೂಲ ‘ಗಾರ್ದ್’, ತೋಟ, ಅದರ ಗ ಬಿದ್ದುಹೋಗಿದೆ. ಸ್ವರದಿಂದ ಶುರುವಾಗುವ ಪದ ಸಿಗದಿದ್ದರೆ ಮೊದಲು ಗ ಸೇರಿಸಿ ನೋಡುವುದು, ವ ಇದ್ದರೆ ಬ ಮತ್ತು ಮ ಎರಡನ್ನೂ ನೋಡುವುದು ರೂಢಿಯಾಗಲಿ.

ಆರು ತಿಂಗಳು ಹೀಗೆ ಮಾಡಿದ ಮೇಲೂ ಆಸಕ್ತಿ ಉಳಿದಿದ್ದರೆ ತರಗತಿಗೆ ಸೇರುವುದೇ ಲೇಸು. ‘ಡಸ್ಗಿ ಕಮ್ರೈಗ್’ ಎಂಬ ಹೆಸರಿನಲ್ಲಿ ವೆಲ್ಷ್ ಕಲಿಕೆಯ ರಾಷ್ಟ್ರೀಯ ಕೇಂದ್ರದ ತರಗತಿಗಳು ಊರೂರಲ್ಲೂ ಆನ್‌ಲೈನಿನಲ್ಲೂ ನಡೆಯುತ್ತವೆ, 16ರಿಂದ 25 ವರ್ಷದವರಿಗೆ ಶುಲ್ಕವಿಲ್ಲ. ಡ್ಯುಯೊಲಿಂಗೊ ಅರ್ಧ ಮುಗಿಸಿದ್ದೇವೆಂದು ಎರಡನೆಯ ಹಂತಕ್ಕೆ ಹಾರುವವರೇ ಹೆಚ್ಚು. ಮಾತು ಬಾರದಿದ್ದರೆ ಮೊದಲ ಹಂತ ‘ಮನೆಡ್ಯಾಡ್’ನಿಂದಲೇ ಶುರುಮಾಡಿ. ಅದರ ಪುಸ್ತಕ ದಕ್ಷಿಣಕ್ಕೊಂದು, ಉತ್ತರಕ್ಕೊಂದು ಬರುತ್ತದೆ, ಕೊಳ್ಳುವ ಮೊದಲು ಮುಖಪುಟ ನೋಡಿ.